ಓದಿನ ಖರ್ಚು ಯಾರ ಲೆಕ್ಕಕ್ಕೆ?



ಅಡಿಕೆ ಕೊಯ್ಲು ಮುಗಿದು ನಾಲ್ಕು ದುಡ್ಡು ಕೈಗೆ ಬರುವ ಹೊತ್ತಿಗೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಮದುವೆಯ ಮಾತುಕತೆಗಳು ಶುರುವಾಗುತ್ತವೆ. ನಮ್ಮ ಸಂಘಗಳ ಸಭೆಯಲ್ಲಿ ಸಾಲದ ಬೇಡಿಕೆ ಹೆಚ್ಚುವುದೂ ಆಗಲೇ. ಪುಸ್ತಕದಲ್ಲಿ ಸಾಲದ ಉದ್ದೇಶ ಎಂಬಲ್ಲಿ 'ಮಗಳ ಮದುವೆ' ಎಂದು ಬರೆದುಕೊಳ್ಳುತ್ತೇವೆ. ಆ ಎರಡು ಶಬ್ದಗಳ ಹಿಂದೆ ಏನೇನಿದೆ ಎಂದು ಕೇಳುವುದಿಲ್ಲ; ಕೇಳಿದರೆ ಆಕೆಗೆ ಬೇಸರವಾದೀತು ಎಂದು ಸುಮ್ಮನಾಗುತ್ತೇವೆ. ಆ ಶಬ್ದಗಳ ಹಿಂದೆ ಈಗ ಒಂದು ಹೊಸ ಬಾಬ್ತು ಬಂದು ಕೂತಿದೆ. ಅದರ ಹೆಸರು 'ಹುಡುಗನ ಓದಿನ ಖರ್ಚು'. ಹುಡುಗ ಡಾಕ್ಟರಿಕೆ ಓದುತ್ತಿದ್ದರಂತೂ ಈ ಬಾಬ್ತು ಸಣ್ಣದಲ್ಲ.

ಈ ಸಂಚಿಕೆಯಲ್ಲಿ ನಾವು ಮಾತಾಡಬೇಕೆಂದಿರುವುದು ವೈದ್ಯಕೀಯ ಓದಿನ ನಡುವೆಯೇ ಮದುವೆಯಾದ ಹುಡುಗ ಹುಡುಗಿಯರ ಸಂಸಾರದ ಬಗ್ಗೆ. ಆ ಸಂಸಾರದಲ್ಲಿ ದಿನಾ ಬೆಳಗಾದರೆ ಯಾರು ಏನು ಮಾಡುತ್ತಾರೆ, ಹಣ ಯಾರ ಕೈಯಿಂದ ಹೋಗುತ್ತದೆ, ಕೊನೆಗೆ ಹೆಸರಿನ ಹಿಂದೆ 'ಡಾಕ್ಟರ್' ಎಂದು ಸೇರಿಕೊಂಡ ದಿನ ಆ ಲೆಕ್ಕವೆಲ್ಲ ಎಲ್ಲಿಗೆ ಹೋಗುತ್ತದೆ ಎಂಬುದನ್ನು ವಿಚಾರ ಮಾಡೋಣ.

'ನಮ್ಮ ಕಡೆ ವರದಕ್ಷಿಣೆ ಇಲ್ಲ' ಎಂದು ಘಟ್ಟದ ಮೇಲಿನ ನಾವು ಹೇಳಿಕೊಳ್ಳುತ್ತೇವೆ. ಈ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಕರ್ನಾಟಕದ ಅನೇಕ ಜಾತಿಗಳಲ್ಲಿ ಹಿಂದೆ ತೆರ ಕೊಟ್ಟು ಹೆಣ್ಣು ತರುವ ಪದ್ಧತಿ ಇತ್ತು. ಇಂದು ತೋಟ ನೋಡಿಕೊಂಡು ಊರಲ್ಲೇ ಉಳಿದ ಹುಡುಗರಿಗೆ ಹೆಣ್ಣು ಸಿಗುವುದೇ ಕಷ್ಟವಾಗಿದೆ. ಅಂಥ ಮನೆಯವರು ಖರ್ಚನ್ನೆಲ್ಲ ತಾವೇ ಹಾಕಿಕೊಂಡು ಮದುವೆ ಮಾಡಿಕೊಳ್ಳುವುದೂ ಉಂಟು. ಆದರೆ ಅದೇ ಊರಿನ ಇನ್ನೊಂದು ಮನೆಯ ಹುಡುಗ ಎಂಬಿಬಿಎಸ್ ಮುಗಿಸಿ ಎಂಡಿ ಸೀಟಿಗೆ ಕಾಯುತ್ತಿದ್ದಾನೆ ಎನ್ನಿ, ಆಗ ಮಾತಿನ ಧಾಟಿಯೇ ಬೇರೆಯಾಗುತ್ತದೆ. 'ನಮಗೇನೂ ಬೇಡ. ಹುಡುಗನ ಓದಿಗೆ ಸ್ವಲ್ಪ ಅನುಕೂಲ ಮಾಡಿಕೊಟ್ಟರೆ ನಿಮ್ಮ ಮಗಳೇ ಸುಖವಾಗಿರುತ್ತಾಳೆ' ಎಂಬ ಮಾತು ಬರುತ್ತದೆ. ಕೇಳಲು ಎಷ್ಟು ಮೃದುವಾಗಿದೆ! ಹಣ ಕೇಳಿದಂತೆ ಅನ್ನಿಸುವುದೇ ಇಲ್ಲ. ಮಗಳ ಸುಖಕ್ಕೆ ತಾನೇ ಬಂಡವಾಳ ಹಾಕಿದ ಹಾಗೆ ಅಪ್ಪನಿಗೆ ಅನ್ನಿಸುತ್ತದೆ. ತೋಟದ ಮೇಲೆ ಸೊಸೈಟಿಯಲ್ಲಿ ಸಾಲ ಏಳುತ್ತದೆ.

ಈ ಮಾತು ಏಕೆ ಇಷ್ಟು ಸುಲಭವಾಗಿ ಬರುತ್ತದೆ ಎಂದರೆ, ಡಾಕ್ಟರಿಕೆಯ ಓದು ಉದ್ದದ್ದು. ಎಂಬಿಬಿಎಸ್ ಓದಿಗೆ ನಾಲ್ಕೂವರೆ ವರ್ಷ, ಆಮೇಲೆ ಆಸ್ಪತ್ರೆಯಲ್ಲಿ ಒಂದು ವರ್ಷದ ಕಡ್ಡಾಯ ಇಂಟರ್ನ್‌ಶಿಪ್. ಹದಿನೆಂಟಕ್ಕೆ ಸೇರಿದರೂ ಹೊರಬರುವಾಗ ಇಪ್ಪತ್ತನಾಲ್ಕು. ಸ್ನಾತಕೋತ್ತರ ಪ್ರವೇಶ ಪರೀಕ್ಷೆಗೆ ಒಂದೆರಡು ವರ್ಷ ಕೂತು ಓದಿದರೆ, ಮೇಲೆ ಎಂಡಿ ಅಥವಾ ಎಂಎಸ್‌ನ ಮೂರು ವರ್ಷ ಸೇರಿದರೆ, ಮೂವತ್ತರ ಹತ್ತಿರ ಬಂತು. ಹಿಂದೆ ನಮ್ಮ ಮಕ್ಕಳಿಗೆ ಸರಕಾರಿ ವೈದ್ಯಕೀಯ ಕಾಲೇಜು ಎಂದರೆ 1957ರಲ್ಲಿ ಶುರುವಾದ ಹುಬ್ಬಳ್ಳಿಯ ಕೆಎಂಸಿಯೇ ಹತ್ತಿರದ್ದು. 2016ರಿಂದ ನಮ್ಮ ಜಿಲ್ಲೆಯ ಕಾರವಾರದಲ್ಲೇ ಒಂದು ಕಾಲೇಜಾಗಿದೆ. ಸರಕಾರಿ ಸೀಟು ಸಿಕ್ಕರೆ ಪುಣ್ಯ. ಖಾಸಗಿ ಕಾಲೇಜಿನ ಸೀಟಾದರೆ ಲಕ್ಷಗಳ ಮಾತು. ಹೀಗೆ ಓದು ಮುಗಿಯುವುದರೊಳಗೆ ಮದುವೆಯ ವಯಸ್ಸು ಬಂದುಬಿಡುತ್ತದೆ. ಮದುವೆ ಮತ್ತು ಶುಲ್ಕದ ಕಂತು ಒಟ್ಟೊಟ್ಟಿಗೇ ಮನೆ ಬಾಗಿಲಿಗೆ ಬರುತ್ತವೆ.

ಇಂಥ ಮನೆ ಹೇಗೆ ನಡೆಯುತ್ತದೆ ನೋಡೋಣ. ಮೊದಲು ಗಂಡ ಓದುತ್ತಿರುವ ಮನೆ. ಪೇಟೆಯಲ್ಲಿ ಬಾಡಿಗೆಯ ಎರಡು ಕೋಣೆ. ಆಕೆ ಬಿಎಸ್ಸಿಯನ್ನೋ ಬಿಕಾಂ ಅನ್ನೋ ಓದಿದವಳು, ಖಾಸಗಿ ಶಾಲೆಯಲ್ಲಿ ಟೀಚರ್. ಬೆಳಿಗ್ಗೆ ಐದಕ್ಕೆ ಎದ್ದು ತಿಂಡಿ, ಡಬ್ಬಿ, ನೀರು ಹಿಡಿಯುವುದು. ಹಿಂದಿನ ರಾತ್ರಿ ನೆನೆಸಿಟ್ಟ ಬಿಳಿ ಕೋಟನ್ನು ಉಜ್ಜಿ ಒಗೆದು ಒಣಹಾಕುವುದು. ಶಾಲೆಗೆ ಹೋಗಿ ಬಂದು ಸಂಜೆ ನಾಲ್ಕು ಮಕ್ಕಳಿಗೆ ಟ್ಯೂಶನ್ ಹೇಳುವುದು. ಆತನಿಗೆ ಇಪ್ಪತ್ತನಾಲ್ಕು ತಾಸಿನ ಡ್ಯೂಟಿ, ಕೆಲವು ಸಲ ಅದಕ್ಕೂ ಹೆಚ್ಚು. ವಾರ್ಡಿನಲ್ಲಿ ಮೇಲಿನವರ ಬೈಗುಳ, ಕಣ್ಣೆದುರೇ ರೋಗಿಗಳ ಸಾವು, ನಿದ್ದೆಯಿಲ್ಲದ ರಾತ್ರಿಗಳು. ಮನೆಗೆ ಬಂದವನೇ ಹಾಸಿಗೆಗೆ ಬಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಆತನ ದಣಿವನ್ನು ನಾವು ಸುಳ್ಳು ಎನ್ನುವುದಿಲ್ಲ. ಆದರೆ ಆ ಮನೆಯಲ್ಲಿ ದಣಿವಿಗೆ ಹೆಸರಿರುವುದು ಒಬ್ಬರಿಗೆ ಮಾತ್ರ. ಆತನದು 'ಡ್ಯೂಟಿ', ಆಕೆಯದು 'ಮನೆಯಲ್ಲಿ ಇರುವುದು'. ಆಕೆಯ ಸಂಬಳ ತಿಂಗಳ ಮೊದಲ ವಾರದಲ್ಲೇ ಬಾಡಿಗೆಗೆ, ಗ್ಯಾಸಿಗೆ, ಪುಸ್ತಕಕ್ಕೆ ಮುಗಿದಿರುತ್ತದೆ. ಶುಲ್ಕದ ತಿಂಗಳು ಬಂದಾಗ ಬಳೆ ಬ್ಯಾಂಕಿಗೆ ಹೋಗುತ್ತದೆ. 'ಪರೀಕ್ಷೆ ಮುಗಿಯಲಿ, ಬಿಡಿಸಿ ಕೊಡುತ್ತೇನೆ' ಎಂಬ ಮಾತು ಇರುತ್ತದೆ. ಆಕೆ ಬಿಎಡ್ ಮಾಡಬೇಕೆಂದಿದ್ದುದು ಮುಂದಿನ ವರ್ಷಕ್ಕೆ, ಅಲ್ಲಿಂದ ಅದರ ಮುಂದಿನ ವರ್ಷಕ್ಕೆ ಹೋಗುತ್ತದೆ.

ಇನ್ನು ಹೆಂಡತಿ ಓದುತ್ತಿರುವ ಮನೆ. ಅದೇ ಪುಸ್ತಕ, ಅದೇ ಪರೀಕ್ಷೆ, ಅದೇ ರಾತ್ರಿ ಡ್ಯೂಟಿ. ಆದರೆ ಇಲ್ಲಿ ನಿಯಮ ಬೇರೆ. ಗಂಡ ಓದುವಾಗ ಮನೆ ಸದ್ದು ಮಾಡದೆ ನಡೆದಾಡಿತ್ತು. ಸೊಸೆ ಓದುವಾಗ ಕುಕ್ಕರಿನ ಸೀಟಿ ಎಣಿಸುತ್ತ ಓದಬೇಕು. ಹಬ್ಬಕ್ಕೆ ಊರಿಗೆ ಬರಲಿಲ್ಲ ಎಂದರೆ ಮಗನಿಗೆ 'ಪಾಪ, ಪರೀಕ್ಷೆ ಇದೆ'. ಸೊಸೆಗೆ 'ಓದಿನ ಸೊಕ್ಕು'. ರಾತ್ರಿ ಡ್ಯೂಟಿಗೆ ಹೋದರೆ 'ಯಾರ ಜೊತೆ, ಎಷ್ಟು ಹೊತ್ತಿಗೆ' ಎಂಬ ವಿಚಾರಣೆ. ನಡುವೆ ಬಸಿರಾದರೆ ಓದು ನಿಲ್ಲಿಸುವುದು ಯಾರು ಎಂಬ ಪ್ರಶ್ನೆಯನ್ನು ಯಾರೂ ಕೇಳುವುದೇ ಇಲ್ಲ. ಉತ್ತರ ಎಲ್ಲರಿಗೂ ಗೊತ್ತಿರುತ್ತದೆ. ಆಕೆಗೆ ಬರುವ ಸ್ಟೈಪೆಂಡಿನ ಎಟಿಎಂ ಕಾರ್ಡು ಗಂಡನ ಕಿಸೆಯಲ್ಲಿ. ಪರೀಕ್ಷಾ ಶುಲ್ಕಕ್ಕೆ ಆತನ ಬಳಿಯೇ ಕೈ ಒಡ್ಡಬೇಕು. ಕೈ ಎತ್ತಿ ಹೊಡೆದರೆ ಮಾತ್ರ ದೌರ್ಜನ್ಯ ಎಂದು ತಿಳಿದವರು ಈ ಮನೆಯನ್ನು ನೋಡಿ 'ಡಾಕ್ಟರ್ ದಂಪತಿ, ಎಷ್ಟು ಚೆನ್ನಾಗಿದ್ದಾರೆ' ಎಂದು ಹೇಳಿ ಹೋಗುತ್ತಾರೆ.

ಎಲ್ಲ ಮನೆಯೂ ಹೀಗೇ ಎಂದು ನಾವು ಹೇಳುತ್ತಿಲ್ಲ. ಡ್ಯೂಟಿ ಇಲ್ಲದ ದಿನ ಅಡಿಗೆ ಮಾಡುವ ಹುಡುಗರಿದ್ದಾರೆ. ಸೊಸೆಯ ಪರೀಕ್ಷೆಗೆಂದು ಪೇಟೆಗೆ ಹೋಗಿ ತಿಂಗಳುಗಟ್ಟಲೆ ಇದ್ದು ಮೊಮ್ಮಗುವನ್ನು ನೋಡಿಕೊಂಡ ಅತ್ತೆಯರು ನಮ್ಮ ಸಂಘಗಳಲ್ಲೇ ಇದ್ದಾರೆ. ಅವರಿಗೆ ನಮಸ್ಕಾರ. ಆದರೆ ಒಂದು ಮನೆಯ ನ್ಯಾಯ ಅಲ್ಲಿನವರ ಒಳ್ಳೆಯತನದ ಮೇಲೇ ನಿಂತಿರಬೇಕೇ? ಒಳ್ಳೆಯತನ ಮುಗಿದ ದಿನ ಹೆಣ್ಣಿನ ಕೈಯಲ್ಲಿ ಏನು ಉಳಿಯುತ್ತದೆ?

ಈ ಪ್ರಶ್ನೆ ಒಮ್ಮೆ ದೂರದ ಅಮೆರಿಕದ ನ್ಯಾಯಾಲಯದ ಮುಂದೆ ಬಂದಿತ್ತು. ನ್ಯೂಯಾರ್ಕ್ ರಾಜ್ಯದ ಓಬ್ರಿಯನ್ ದಂಪತಿಯ ಪ್ರಕರಣ ಅದು. 1971ರಲ್ಲಿ ಮದುವೆಯಾದಾಗ ಇಬ್ಬರೂ ಒಂದೇ ಖಾಸಗಿ ಶಾಲೆಯ ಶಿಕ್ಷಕರು. ಗಂಡನಿಗೆ ಡಾಕ್ಟರಾಗುವ ಆಸೆ. 1973ರಲ್ಲಿ ಇಬ್ಬರೂ ಮೆಕ್ಸಿಕೋ ದೇಶಕ್ಕೆ ಹೋದರು. ಆತ ಓದಿದ, ಆಕೆ ತನ್ನ ವೃತ್ತಿಯ ಮುಂದಿನ ಓದನ್ನು ಬಿಟ್ಟು ಅಲ್ಲಿಯೂ ಪಾಠ ಹೇಳಿ ಸಂಸಾರ ನಡೆಸಿದಳು. ವಾಪಸು ಬಂದ ಮೇಲೂ ಆತನ ಓದು ಮುಗಿಯುವವರೆಗೆ ದುಡಿದಳು. 1980ರ ಅಕ್ಟೋಬರಿನಲ್ಲಿ ಆತನಿಗೆ ವೈದ್ಯ ವೃತ್ತಿಯ ಲೈಸೆನ್ಸ್ ಬಂತು. ಎರಡೇ ತಿಂಗಳಿಗೆ ಆತ ವಿಚ್ಛೇದನಕ್ಕೆ ಅರ್ಜಿ ಹಾಕಿದ. ಆ ಸಂಸಾರದಲ್ಲಿ ಹಂಚಿಕೊಳ್ಳಲು ಬೇರೆ ಆಸ್ತಿಯೇ ಇರಲಿಲ್ಲ. ಇದ್ದದ್ದು ಆ ಲೈಸೆನ್ಸ್ ಒಂದೇ. ಒಂಬತ್ತು ವರ್ಷಗಳ ಇಬ್ಬರ ದುಡಿಮೆಯೂ ಅದರಲ್ಲೇ ಸೇರಿಹೋಗಿತ್ತು. 1985ರಲ್ಲಿ ಆ ರಾಜ್ಯದ ಅತ್ಯುನ್ನತ ನ್ಯಾಯಾಲಯ, ಆ ಲೈಸೆನ್ಸ್ ಕೂಡ ದಂಪತಿಯ ಆಸ್ತಿಯೇ ಎಂದು ಹೇಳಿತು. ಅದರ ಬೆಲೆಯನ್ನು 4,72,000 ಡಾಲರ್ ಎಂದು ಲೆಕ್ಕಹಾಕಿ ಶೇಕಡಾ 40, ಎಂದರೆ 1,88,800 ಡಾಲರನ್ನು ಹೆಂಡತಿಗೆ ಕೊಡಬೇಕೆಂದು ಕೆಳ ನ್ಯಾಯಾಲಯ ನೀಡಿದ್ದ ತೀರ್ಪನ್ನು ಎತ್ತಿಹಿಡಿಯಿತು. ಮುಂದೆ 2016ರಿಂದ ಆ ರಾಜ್ಯ ಕಾನೂನು ಬದಲಿಸಿ, ಪದವಿ ಮತ್ತು ಲೈಸೆನ್ಸನ್ನು ಹೀಗೆ ಆಸ್ತಿಯಾಗಿ ಹಂಚುವುದನ್ನು ನಿಲ್ಲಿಸಿತು. ಆದರೂ ಆ ನ್ಯಾಯಾಲಯ ಕಂಡ ಸತ್ಯ ಹಳತಾಗಿಲ್ಲ. ಗಂಡನ ಪದವಿ ಪ್ರಮಾಣಪತ್ರದಲ್ಲಿ ಹೆಂಡತಿಯ ಹೆಸರಿರುವುದಿಲ್ಲ; ಆಕೆಯ ದುಡಿಮೆ ಇರುತ್ತದೆ.

ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಗಂಡ ಹೆಂಡಿರ ಗಳಿಕೆ ಇಬ್ಬರದೂ ಸಮ ಎಂಬ ಕಾನೂನಿಲ್ಲ. ಕಾರವಾರ ದಾಟಿದರೆ ಸಿಗುವ ಗೋವಾದಲ್ಲಿ ಮಾತ್ರ 1867ರ ಪೋರ್ಚುಗೀಸ್ ಸಿವಿಲ್ ಕೋಡಿನ ಪ್ರಕಾರ, ಮದುವೆಗೆ ಮೊದಲು ಬೇರೆ ಕರಾರು ಮಾಡಿಕೊಳ್ಳದಿದ್ದರೆ, ಆಸ್ತಿ ಇಬ್ಬರ ಜಂಟಿ ಒಡೆತನಕ್ಕೆ ಬರುತ್ತದೆ. ಗಡಿಯ ಈಚೆಗಿರುವ ನಮಗೆ ಆ ಹಕ್ಕಿಲ್ಲ. ನಮಗಿರುವುದು ಜೀವನಾಂಶದ ಹಕ್ಕು. 2020ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಜೀವನಾಂಶಕ್ಕೆ ಮಾರ್ಗಸೂಚಿ ಕೊಟ್ಟಿತು. ಸಂಸಾರಕ್ಕಾಗಿ, ಮಕ್ಕಳಿಗಾಗಿ ಉದ್ಯೋಗ ಬಿಟ್ಟುಕೊಟ್ಟವಳ ತ್ಯಾಗವನ್ನು ಲೆಕ್ಕಕ್ಕೆ ಹಿಡಿಯಬೇಕು, ಇಬ್ಬರೂ ತಮ್ಮ ಆಸ್ತಿ ಮತ್ತು ಸಾಲದ ವಿವರವನ್ನು ಪ್ರಮಾಣಪತ್ರದಲ್ಲಿ ಬರೆದು ಕೊಡಬೇಕು ಎಂದಿತು. ಇದು ದೊಡ್ಡ ಮಾತು. ಆದರೆ ನ್ಯಾಯಾಲಯದಲ್ಲಿ 'ನಾನು ಬಿಟ್ಟುಕೊಟ್ಟೆ' ಎಂದರೆ ಸಾಲದು. ಏನು ಬಿಟ್ಟುಕೊಟ್ಟೆ, ಎಷ್ಟು ಕೊಟ್ಟೆ, ಯಾವಾಗ ಕೊಟ್ಟೆ ಎಂದು ಹೇಳಲು ಬರಬೇಕು. ಹೇಳಲು ಬರಬೇಕಾದರೆ ಬರೆದಿಟ್ಟಿರಬೇಕು.

ಈಗ 'ಓದಿನ ಖರ್ಚು' ಎಂಬ ಮಾತಿಗೆ ಬರೋಣ. ಇದು ವರದಕ್ಷಿಣೆಯೇ ಅಲ್ಲವೇ? 1961ರ ವರದಕ್ಷಿಣೆ ನಿಷೇಧ ಕಾಯಿದೆಯ ಪ್ರಕಾರ, ಮದುವೆಯ ಸಂಬಂಧವಾಗಿ ಕೊಟ್ಟ ಅಥವಾ ಕೊಡಲು ಒಪ್ಪಿದ ಹಣ, ಆಸ್ತಿ, ಬೆಲೆಬಾಳುವ ಪತ್ರ ಎಲ್ಲವೂ ವರದಕ್ಷಿಣೆ. ಮದುವೆಗೆ ಮೊದಲು ಕೊಟ್ಟರೂ ಸರಿ, ಮದುವೆಯ ದಿನ ಕೊಟ್ಟರೂ ಸರಿ, ಆಮೇಲೆ ಯಾವಾಗ ಕೊಟ್ಟರೂ ಸರಿ. ಕೊಡುವ ಕಾರಣಕ್ಕೆ ಏನು ಹೆಸರಿಟ್ಟಿದ್ದಾರೆ ಎಂಬುದು ಮುಖ್ಯವಲ್ಲ. 2022ರ ಜನವರಿಯಲ್ಲಿ ಮಧ್ಯಪ್ರದೇಶದ ಒಂದು ಪ್ರಕರಣದಲ್ಲಿ, ಮನೆ ಕಟ್ಟಲು ಹೆಂಡತಿಯ ತವರಿನಿಂದ ಹಣ ಕೇಳಿದ್ದೂ ವರದಕ್ಷಿಣೆಯೇ ಎಂದು ಸುಪ್ರೀಂ ಕೋರ್ಟು ಹೇಳಿತು. ಈ ಶಬ್ದಕ್ಕೆ ಸಂಕುಚಿತ ಅರ್ಥ ಕೊಡಬಾರದು ಎಂದಿತು. ಮನೆ ಕಟ್ಟುವ ಹಣಕ್ಕೆ ಅನ್ವಯವಾಗುವ ಮಾತು ಎಂಡಿ ಸೀಟಿನ ಹಣಕ್ಕೆ, ಕ್ಲಿನಿಕ್ ಹಾಕುವ ಹಣಕ್ಕೆ ಅನ್ವಯವಾಗದೇ? ವರದಕ್ಷಿಣೆ ಕೊಡುವುದು, ತೆಗೆದುಕೊಳ್ಳುವುದು ಎರಡಕ್ಕೂ ಕಡಿಮೆಯೆಂದರೆ ಐದು ವರ್ಷ ಸಜೆ, ಮತ್ತು 15,000 ರೂಪಾಯಿ ಅಥವಾ ವರದಕ್ಷಿಣೆಯ ಮೌಲ್ಯ, ಯಾವುದು ಹೆಚ್ಚೋ ಅಷ್ಟಕ್ಕೆ ಕಡಿಮೆಯಿಲ್ಲದ ದಂಡವನ್ನು ಕಾಯಿದೆ ಹೇಳುತ್ತದೆ. ಬರೀ ಕೇಳುವುದೂ ಅಪರಾಧ. 'ಕೊಟ್ಟವರೂ ತಪ್ಪಿತಸ್ಥರಾಗುತ್ತೇವಲ್ಲ' ಎಂದು ಹೆದರಿ ಎಷ್ಟೋ ತಾಯಿತಂದೆಯರು ದೂರು ಕೊಡುವುದಿಲ್ಲ. ಆ ಹೆದರಿಕೆಗೂ ಕಾಯಿದೆಯಲ್ಲಿ ಉತ್ತರವಿದೆ: ಅನ್ಯಾಯಕ್ಕೆ ಒಳಗಾದವರು ತಾವೇ ಹೇಳಿದ ಮಾತಿನ ಆಧಾರದ ಮೇಲೆ ಅವರ ಮೇಲೇ ಮೊಕದ್ದಮೆ ಹೂಡುವಂತಿಲ್ಲ.

ಓದಿದವರ ಮನೆಯಲ್ಲಿ ಇದೆಲ್ಲ ನಡೆಯುವುದಿಲ್ಲ ಎನ್ನುವವರಿಗೆ ನೆರೆಯ ಕೇರಳದ ಎರಡು ಸಂಗತಿ ಹೇಳಬೇಕು. ಹೆಣ್ಣುಮಕ್ಕಳ ಓದಿನಲ್ಲಿ ಇಡೀ ದೇಶಕ್ಕೆ ಮುಂದಿರುವ ರಾಜ್ಯ ಅದು. ಕೊಲ್ಲಂ ಜಿಲ್ಲೆಯ ವಿಸ್ಮಯಾ ಆಯುರ್ವೇದ ವೈದ್ಯ ಪದವಿಯ ವಿದ್ಯಾರ್ಥಿನಿ. 2020ರ ಮೇ ತಿಂಗಳಲ್ಲಿ, ಓದುತ್ತಿರುವಾಗಲೇ, ಸರಕಾರಿ ನೌಕರನೊಂದಿಗೆ ಮದುವೆಯಾಯಿತು. ತವರಿನವರು ನೂರು ಪವನ್ ಚಿನ್ನದ ಮಾತು ಕೊಟ್ಟಿದ್ದರು. ಒಂದು ಎಕರೆಗೂ ಮಿಕ್ಕಿದ ಜಮೀನು, ಒಂದು ಕಾರು ಕೊಟ್ಟಿದ್ದರು. ಕಾರು ತನಗೆ ಬೇಕಾದಂಥದ್ದಲ್ಲ ಎಂಬುದೂ ಗಂಡನ ತಕರಾರು. 2021ರ ಜೂನ್ 21ರಂದು ಆಕೆ ಗಂಡನ ಮನೆಯಲ್ಲಿ ಸಾವಿಗೀಡಾದಳು. ಮದುವೆಯಾಗಿ ಬರೇ ಒಂದು ವರ್ಷ ಚಿಲ್ಲರೆ ದಿನ. ತಾನು ಪಡುತ್ತಿದ್ದ ಹಿಂಸೆಯನ್ನು ಆಕೆ ಮನೆಯವರಿಗೆ ತಿಳಿಸಿದ್ದಳು. ಫೋನಿನಲ್ಲಿ ಉಳಿದಿದ್ದ ಮಾತುಗಳು, ಸಂದೇಶಗಳು ನ್ಯಾಯಾಲಯದಲ್ಲಿ ಸಾಕ್ಷ್ಯವಾದವು. 2022ರ ಮೇ ತಿಂಗಳಲ್ಲಿ ಕೊಲ್ಲಂ ನ್ಯಾಯಾಲಯ ಗಂಡನಿಗೆ ಹತ್ತು ವರ್ಷ ಸಜೆ ವಿಧಿಸಿತು. ಆತನ ಮೇಲ್ಮನವಿಯ ವಿಚಾರಣೆ ಬಾಕಿಯಿರುವಾಗ, 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಎರಡನೆಯದು 2023ರ ಡಿಸೆಂಬರಿನದು. ತಿರುವನಂತಪುರದ ಸರಕಾರಿ ವೈದ್ಯಕೀಯ ಕಾಲೇಜಿನಲ್ಲಿ ಶಸ್ತ್ರಚಿಕಿತ್ಸೆಯ ಸ್ನಾತಕೋತ್ತರ ಓದಿನಲ್ಲಿದ್ದ ಯುವ ವೈದ್ಯೆಯೊಬ್ಬಳು ತೀರಿಕೊಂಡಳು. ಮದುವೆಯಾಗಬೇಕಿದ್ದ ವೈದ್ಯನ ಕಡೆಯವರು ಭಾರಿ ವರದಕ್ಷಿಣೆ ಕೇಳಿದ್ದರಿಂದ ಸಂಬಂಧ ಮುರಿಯಿತು ಎಂಬುದು ಮನೆಯವರ ದೂರು. ಆ ವೈದ್ಯನನ್ನು ಪೊಲೀಸರು ಬಂಧಿಸಿದರು.

ಈ ಇಬ್ಬರಿಗೂ ಓದಿತ್ತು. ಬುದ್ಧಿಯಿತ್ತು. ಇನ್ನು ಕೆಲವು ವರ್ಷಗಳಲ್ಲಿ ತಮ್ಮ ಕಾಲ ಮೇಲೆ ತಾವು ನಿಲ್ಲುವವರಿದ್ದರು. 'ಹೆಣ್ಣು ಓದಿದರೆ ವರದಕ್ಷಿಣೆ ತಾನಾಗಿ ಹೋಗುತ್ತದೆ' ಎಂದು ಚಳವಳಿಯ ಮೊದಲ ದಿನಗಳಲ್ಲಿ ನಾವು ಬಹಳ ನಂಬಿದ್ದೆವು. ಓದು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಓದು ಒಂದೇ ಸಾಲದು. ಹುಡುಗನ ಓದು ಆತನ ಬೆಲೆ ಏರಿಸುತ್ತದೆ, ಹುಡುಗಿಯ ಓದು ಮಾತ್ರ ಬೇಡಿಕೆಯನ್ನು ಇಳಿಸುವುದಿಲ್ಲ ಎಂದರೆ, ರೋಗ ಇರುವುದು ಓದಿನಲ್ಲಲ್ಲ, ಪುರುಷಪ್ರಧಾನ ಮನೆಯ ಲೆಕ್ಕದಲ್ಲಿ.

ಹೆಂಡತಿಯನ್ನು ಓದಿಸಿದ ಗಂಡನೆಂದರೆ ಸಾಕು, ನಾವು ಆತನನ್ನು ದೇವರ ಪಕ್ಕ ಕೂರಿಸಿಬಿಡುತ್ತೇವೆ. ಅದರ ಬಗ್ಗೆಯೂ ಒಂದು ಮಾತು. ನಮ್ಮ ದೇಶದಿಂದ ಅಮೆರಿಕಕ್ಕೆ ಹೋಗಿ 1886ರಲ್ಲಿ ವೈದ್ಯ ಪದವಿ ಪಡೆದ ಆನಂದೀಬಾಯಿ ಜೋಶಿಯ ಹೆಸರು ನಮ್ಮ ಮಕ್ಕಳಿಗೂ ಗೊತ್ತು. ಒಂಬತ್ತು ವರ್ಷಕ್ಕೆ ಮದುವೆಯಾದವಳು. ಗಂಡ ಗೋಪಾಳರಾಯರು ಹಟ ಹಿಡಿದು ಓದಿಸಿದರು ಎಂಬುದು ನಿಜ. ಓದು ಬಿಟ್ಟು ಅಡಿಗೆಮನೆಗೆ ಹೋದಳೆಂದು ಆಕೆಯನ್ನು ಹೊಡೆದದ್ದೂ ನಿಜ. ಚಿಕ್ಕಂದಿನಲ್ಲಿ ಮರದ ತುಂಡಿನಿಂದ ಬಿದ್ದ ಪೆಟ್ಟು, ಮೈಮೇಲೆ ಎಸೆದ ಪುಸ್ತಕ, ಕುರ್ಚಿಗಳನ್ನು ಆಕೆ ಅಮೆರಿಕದಿಂದ ಗಂಡನಿಗೆ ಬರೆದ ಪತ್ರದಲ್ಲೇ ನೆನಪಿಸಿದ್ದಾಳೆ. 1887ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಕೊಲ್ಹಾಪುರದ ಆಸ್ಪತ್ರೆಯ ಕೆಲಸಕ್ಕೆ ಸೇರುವ ಮೊದಲೇ ಕ್ಷಯದಿಂದ ತೀರಿಕೊಂಡಳು. ಅದೇ ಕಾಲದಲ್ಲಿ ಕಲ್ಕತ್ತೆಯಲ್ಲಿ ಇನ್ನೊಂದು ಜೋಡಿಯಿತ್ತು. ಕಾದಂಬಿನಿ ಗಂಗೂಲಿ 1883ರಲ್ಲಿ ದ್ವಾರಕಾನಾಥರನ್ನು ಮದುವೆಯಾದಳು. ಮದುವೆಯಾದ ಮೇಲೆ ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿ ಓದಿ 1886ರಲ್ಲಿ ವೈದ್ಯೆಯಾದಳು. 1893ರಲ್ಲಿ ಮನೆಮಕ್ಕಳನ್ನು ಬಿಟ್ಟು ಹೆಚ್ಚಿನ ಓದಿಗೆ ವಿಲಾಯತಿಗೂ ಹೋದಳು. ರಾತ್ರಿ ಹಗಲೆನ್ನದೆ ರೋಗಿಗಳ ಮನೆಗೆ ಹೋಗುವ ಆಕೆಯ ಶೀಲದ ಮೇಲೆ 1891ರಲ್ಲಿ ಒಂದು ಪತ್ರಿಕೆ ಕೆಟ್ಟ ಮಾತು ಬರೆಯಿತು. ಗಂಡ ಹೆಂಡತಿ ನ್ಯಾಯಾಲಯಕ್ಕೆ ಹೋದರು. ಸಂಪಾದಕನಿಗೆ ಆರು ತಿಂಗಳ ಸಜೆಯಾಯಿತು. ಇಬ್ಬರು ಗಂಡಂದಿರೂ ಹೆಂಡತಿಯನ್ನು ಡಾಕ್ಟರ್ ಮಾಡಿದವರೇ. ಒಬ್ಬನದು ಓದಿಸುವ ಹಟ, ಇನ್ನೊಬ್ಬನದು ಜೊತೆಗೆ ನಿಲ್ಲುವ ಧೈರ್ಯ. ನೂರಮೂವತ್ತು ವರ್ಷದ ಮೇಲೂ ನಮ್ಮ ಅಳಿಯಂದಿರಲ್ಲಿ, ಮಗಂದಿರಲ್ಲಿ ನಾವು ನೋಡಬೇಕಾದ ವ್ಯತ್ಯಾಸ ಇದೇ.

ಹಾಗಾದರೆ ನಾವೇನು ಮಾಡಬಹುದು? ಸಂಘದ ಹೆಂಗಸರಾದ ನಮಗೆ ಒಂದು ವಿದ್ಯೆ ಚೆನ್ನಾಗಿ ಗೊತ್ತು: ಹತ್ತು ರೂಪಾಯಿ ಉಳಿತಾಯವಾದರೂ ಪುಸ್ತಕದಲ್ಲಿ ಬರೆಯುವುದು, ಓದಿ ಹೇಳುವುದು, ಸಹಿ ಹಾಕಿಸುವುದು. ಬೇರೆಯವರ ಹತ್ತು ರೂಪಾಯಿಗೆ ಇಷ್ಟು ಎಚ್ಚರ ವಹಿಸುವ ನಾವು, ಮಗಳ ಮದುವೆಯಲ್ಲಿ ಲಕ್ಷಗಟ್ಟಲೆಯನ್ನು ಬಾಯಿಮಾತಿನ ಮೇಲೆ ಬಿಟ್ಟುಬಿಡುತ್ತೇವೆ. ಮದುವೆಯಲ್ಲಿ ಬಂದ ಉಡುಗೊರೆಗಳ ಪಟ್ಟಿ ಮಾಡಬೇಕೆಂದು 1985ರಿಂದಲೇ ನಿಯಮವಿದೆ. ವಸ್ತು ಯಾವುದು, ಅಂದಾಜು ಬೆಲೆ ಎಷ್ಟು, ಕೊಟ್ಟವರು ಯಾರು, ಅವರಿಗೆ ಏನು ಸಂಬಂಧ ಎಂದು ಬರೆದು ವಧು ವರ ಇಬ್ಬರೂ ಸಹಿ ಹಾಕಬೇಕು. ಎಷ್ಟು ಮದುವೆಗಳಲ್ಲಿ ಈ ಪಟ್ಟಿಯಾಗಿದೆ? ವಧುವಿಗೆ ಬಂದದ್ದು ಆಕೆಯ ಸ್ತ್ರೀಧನ. ಅದು ಪೂರ್ತಿ ಆಕೆಯದೇ, ಗಂಡನ ಮನೆಯ ಕಪಾಟಿನಲ್ಲಿದ್ದರೂ ಆಕೆಯದೇ ಎಂದು ಸುಪ್ರೀಂ ಕೋರ್ಟು 1985ರಲ್ಲೇ ಪ್ರತಿಭಾ ರಾಣಿ ಪ್ರಕರಣದಲ್ಲಿ ಹೇಳಿದೆ. ಪಟ್ಟಿಯಿದ್ದರೆ ಅದನ್ನು ಕೇಳಿ ಪಡೆಯುವುದು ಸುಲಭ.

ಮದುವೆಯಾದ ಮೇಲೂ ಬರೆಯುವುದು ನಿಲ್ಲಬಾರದು. ಓದುತ್ತಿರುವ ಗಂಡನಿಗಾಗಿ ಖರ್ಚು ಮಾಡಿದ ಸಂಬಳ, ಅಡವಿಟ್ಟ ಬಳೆಯ ಬ್ಯಾಂಕ್ ಚೀಟಿ, ತವರಿನಿಂದ ತರಿಸಿದ ಹಣ, ಎಲ್ಲಕ್ಕೂ ಒಂದು ವಹಿ ಇರಲಿ. ಹಣವನ್ನು ಕೈಯಲ್ಲಿ ಕೊಡುವ ಬದಲು ಖಾತೆಯಿಂದ ಖಾತೆಗೆ ಕಳಿಸಿದರೆ ಗುರುತು ಉಳಿಯುತ್ತದೆ. ಓದಿನ ಸಾಲ ಓದುವವರ ಹೆಸರಿನಲ್ಲೇ ಇರಲಿ. ಮಾವನ ತೋಟದ ಮೇಲಾಗಲಿ, ಹೆಂಡತಿಯ ಬಂಗಾರದ ಮೇಲಾಗಲಿ ಬೇಡ. ದುಡಿಯುವವಳ ಎಟಿಎಂ ಕಾರ್ಡು ಆಕೆಯ ಹತ್ತಿರವೇ ಇರಲಿ. 'ಗಂಡನ ಮೇಲೆ ಇಷ್ಟೂ ನಂಬಿಕೆ ಇಲ್ಲವೇ' ಎಂದು ಕೇಳಿದರೆ ಉತ್ತರ ಸುಲಭ: ಸಂಘದಲ್ಲಿ ಪುಸ್ತಕ ಬರೆಯುವುದು ಅಪನಂಬಿಕೆಯಿಂದಲ್ಲ; ನಂಬಿಕೆ ಕೆಡದಿರಲಿ ಎಂದು.

ಮದುವೆಯ ಮಾತಿನ ಹೊತ್ತಿಗೇ ಕೆಲವು ವಿಷಯ ಕೇಳಿಬಿಡೋಣ. ಬಾಕಿ ಇರುವ ಶುಲ್ಕವನ್ನು ಯಾರು, ಎಲ್ಲಿಂದ ಕಟ್ಟುತ್ತಾರೆ? ಹುಡುಗಿಯ ಓದು ಯಾವ ಕಾರಣಕ್ಕೂ ನಿಲ್ಲುವುದಿಲ್ಲವಷ್ಟೇ? ಮಗುವಾದರೆ ನೋಡಿಕೊಳ್ಳುವವರು ಯಾರು? ಹುಡುಗನ ಎದುರಿಗೇ ಕೇಳಬೇಕು, ಅವನ ಬಾಯಿಂದಲೇ ಉತ್ತರ ಬರಬೇಕು. ಉತ್ತರ ಕೊಡಲು ಹಿಂಜರಿದ ಸಂಬಂಧವನ್ನು ಆಗಲೇ ಬಿಡುವುದು ಕಡಿಮೆ ನಷ್ಟ.

ಸಂಘವೂ ಒಂದು ಠರಾವು ಮಾಡಬಹುದು. ವರದಕ್ಷಿಣೆಗೆ, ಅದಕ್ಕೆ ಏನೇ ಹೆಸರಿದ್ದರೂ, ನಮ್ಮ ಸಂಘದಿಂದ ಸಾಲವಿಲ್ಲ. ಸದಸ್ಯೆಯ ಮಗಳಿಗೋ ಸೊಸೆಗೋ ಪರೀಕ್ಷಾ ಶುಲ್ಕ ಕಟ್ಟಲು ಹಣ ಬೇಕಾದರೆ ಅದಕ್ಕೆ ಮೊದಲ ಸರದಿ. ಮನೆಯಲ್ಲಿ ಶುಲ್ಕಕ್ಕೆ ತಡೆಯೊಡ್ಡಿ ಹೆಣ್ಣಿನ ಓದು ನಿಲ್ಲಿಸುವ ಹುನ್ನಾರಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ' ಎಂಬ ಗಾದೆಯನ್ನು ಹಿಂಸೆಯ ಮನೆಗೆ ಹಚ್ಚುವುದನ್ನು ಬಿಡೋಣ. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ ಕೌಟುಂಬಿಕ ದೌರ್ಜನ್ಯ ಕಾಯಿದೆಯಲ್ಲಿ ಹೊಡೆತ ಮಾತ್ರವಲ್ಲ, ಚುಚ್ಚುಮಾತು, ಬೆದರಿಕೆ, ಖರ್ಚಿಗೆ ಕೊಡದಿರುವುದು, ಆಕೆಯ ಹಣ ಒಡವೆಗಳನ್ನು ಕಿತ್ತುಕೊಳ್ಳುವುದು ಎಲ್ಲವೂ ದೌರ್ಜನ್ಯ. ಇದ್ದ ಮನೆಯಲ್ಲೇ ಇರುವ ಹಕ್ಕನ್ನೂ ಅದು ಕೊಡುತ್ತದೆ. ನಮ್ಮ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಈ ಕಾಯಿದೆಯಡಿ ಸಂರಕ್ಷಣಾಧಿಕಾರಿ. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಕಚೇರಿ ತೋರಿಸುತ್ತಾರೆ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ವಕೀಲರ ನೆರವು ಉಚಿತ. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಬಹುದು, 15100ಕ್ಕೆ ಫೋನ್ ಮಾಡಬಹುದು. ಮಹಿಳಾ ಸಹಾಯವಾಣಿ 181. ಕೂಡಲೇ ಪೊಲೀಸರು ಬೇಕಾದರೆ 112. ಮನಸ್ಸು ಕುಸಿದು ಜೀವವೇ ಬೇಡ ಅನ್ನಿಸಿದ ಹೊತ್ತಿಗೆ ಮಾತಾಡಲು 14416. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೆ ಹಳೆಯ 498ಎ ಬದಲು 85 ಮತ್ತು 86, ವರದಕ್ಷಿಣೆ ಸಾವಿನ 304ಬಿ ಬದಲು 80ನೆಯ ಸೆಕ್ಷನ್ ಇದೆ. ಸಂಖ್ಯೆ ಬದಲಾಗಿದೆ, ರಕ್ಷಣೆ ಹೋಗಿಲ್ಲ. ಈ ನಂಬರುಗಳನ್ನು ಸಂಘದ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ.

ಎಲ್ಲಕ್ಕಿಂತ ಮೊದಲು ಬೇಕಾದದ್ದು ತವರಿನ ತೆರೆದ ಬಾಗಿಲು. 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ' ಎಂದವರು ಹೆಣ್ಣು ಹೆತ್ತು ಹಾಲೂಡಿಸಿದವರಲ್ಲ. 'ಇನ್ನೊಂದೇ ವರ್ಷ, ಅವನ ಓದು ಮುಗಿಯಲಿ, ಎಲ್ಲ ಸರಿಹೋಗುತ್ತದೆ' ಎಂದು ಮಗಳನ್ನು ವಾಪಸು ಬಸ್ಸು ಹತ್ತಿಸುವ ಮುಂಚೆ ಯೋಚಿಸಿ. ಓದುವ ವರ್ಷಗಳಲ್ಲಿ ಮನೆಗೆ ಬಿದ್ದ ಅಭ್ಯಾಸ ಓದು ಮುಗಿದ ಮೇಲೆ ತಾನಾಗಿ ಹೋಗುವುದಿಲ್ಲ. ಅಡಿಗೆ, ಹಣ, ಗೌರವ ಇವುಗಳ ಹಂಚಿಕೆ ಆ ಎರಡು ಕೋಣೆಯ ಮನೆಯಲ್ಲಿ ಹೇಗಾಯಿತೋ, ನಾಳೆಯ ದೊಡ್ಡ ಬಂಗಲೆಯಲ್ಲೂ ಬಹುಮಟ್ಟಿಗೆ ಹಾಗೇ ಇರುತ್ತದೆ.

ಕೊನೆಯದಾಗಿ, ಡಾಕ್ಟರಿಕೆ ಓದುತ್ತಿರುವ ಗಂಡುಮಕ್ಕಳ ತಾಯಂದಿರಿಗೆ. ಮಗನನ್ನು ಓದಿಸಲು ನೀವು ಪಟ್ಟ ಕಷ್ಟ ನಮಗೆ ಗೊತ್ತು. ಹಾಲು ಮಾರಿ, ತೋಟದ ಕೆಲಸ ಮಾಡಿ, ಸಂಘದ ಸಾಲದ ಕಂತು ಕಟ್ಟಿ ಓದಿಸಿದ್ದೀರಿ. ಆ ಕಷ್ಟದ ಬೆಲೆಯನ್ನು ಇನ್ನೊಬ್ಬ ತಾಯಿಯ ಮಗಳಿಂದ ವಸೂಲಿ ಮಾಡಬೇಡಿ. ರಜೆಗೆ ಬಂದ ಮಗನ ಕೈಗೆ ಅವನದೇ ಬಿಳಿ ಕೋಟು, ಸಾಬೂನು ಕೊಡಿ. ಒಲೆಯ ಮೇಲೆ ಅನ್ನ ಇಡಲು ಕಲಿಸಿ. ನಾಳೆ ಹೆಣ್ಣು ರೋಗಿಯೊಬ್ಬಳು ಮೈಮೇಲಿನ ಬಾಸುಂಡೆ ತೋರಿಸಿ 'ಕಾಲು ಜಾರಿ ಬಿದ್ದೆ' ಎಂದಾಗ ಅದು ಸುಳ್ಳೆಂದು ಅರ್ಥಮಾಡಿಕೊಳ್ಳುವ ಡಾಕ್ಟರು ನಮಗೆ ಬೇಕು. ಮನೆಯ ಹೆಂಗಸಿನ ದಣಿವೇ ಕಾಣದವನಿಗೆ ಆ ಬಾಸುಂಡೆ ಕಂಡೀತೇ?

ಮುಂದಿನ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಅರ್ಧ ತಾಸು ಈ ವಿಷಯ ಚರ್ಚೆಗೆ ತೆಗೆದುಕೊಳ್ಳಿ. ಮೇಲಿನ ಠರಾವು ನಿಮ್ಮಲ್ಲಿ ಪಾಸಾದರೆ ನಮಗೆ ಬರೆದು ತಿಳಿಸಿ. ಪಾಸಾಗದಿದ್ದರೆ ಯಾಕೆ ಆಗಲಿಲ್ಲ ಎಂದೂ ಬರೆಯಿರಿ. ಆ ಪತ್ರಗಳಿಗೂ ನಮ್ಮ ಪತ್ರಿಕೆಯಲ್ಲಿ ಜಾಗವಿದೆ.

– ಸಂಪಾದಕಿ